ಬೂದಿ ಮೂಸಿದ ಮೀನೆಣ್ಣೆ

ಕಡತ ಸಂರಕ್ಷಣಾ ಇಲಾಖೆಯಲ್ಲಿ ಒಟ್ಟು ನಾಲ್ಕು ಲಕ್ಷ ಕಡತಗಳಿದ್ದು, ಅವು ಎಲ್ಲಿವೆ ಎಂಬ ಒಂದು ವಿಷಯದ ಹೊರತಾಗಿ ಅವುಗಳ ಬಗ್ಗೆ ಸಿಬ್ಬಂದಿಗೆ ಸಂಪೂರ್ಣ ಮಾಹಿತಿ ಇತ್ತು. ಈ ಸಣ್ಣ ಕೊರತೆಯನ್ನು ನೀಗಿಸಲು, ಪ್ರತಿಯೊಬ್ಬರೂ ದಿನಕ್ಕೆರಡು ಮೀನೆಣ್ಣೆ ಗುಳಿಗೆ ನುಂಗತಕ್ಕದ್ದೆಂದು ನಿರ್ದೇಶಕರು ಆದೇಶ ಹೊರಡಿಸಿದರು. ಮೀನೆಣ್ಣೆಯಿಂದ ನೆನಪು ಹೆಚ್ಚುತ್ತದೆಂದು ಅವರು ಎಲ್ಲೋ ಓದಿದ್ದರು. ಎಲ್ಲಿ ಎಂಬುದು ನೆನಪಿರಲಿಲ್ಲ.

ಅದೇ ದಿನ ಎರಡನೆಯ ಆದೇಶವೂ ಹೊರಟಿತು: "ಉಗ್ರಾಣದಲ್ಲಿರುವ ಬೂದಿ ಎಂಬ ಹೆಣ್ಣು ಬೆಕ್ಕು ಕಚೇರಿಯ ವೇಳೆಯಲ್ಲಿ ಪೂರ್ವಾನುಮತಿಯಿಲ್ಲದೆ ನಿದ್ರಿಸುತ್ತಿರುವುದು ಕಂಡುಬಂದಿದೆ. ಅನುಮತಿ ಪಡೆದು ನಿದ್ರಿಸುವ ಸಿಬ್ಬಂದಿಗೆ ಇದರಿಂದ ಮುಜುಗರವಾಗುತ್ತಿರುವ ಕಾರಣ, ಸದರಿ ಬೆಕ್ಕನ್ನು ಬರುವ ಸೋಮವಾರ ಹೊರಹಾಕತಕ್ಕದ್ದು."

ಎರಡೂ ಬಂದು ಬಿದ್ದದ್ದು ಉಗ್ರಾಣಿಯ ಮೇಜಿನ ಮೇಲೆ. ಇಪ್ಪತ್ತು ವರ್ಷದಿಂದ ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿ. ಆರು ವರ್ಷದಿಂದ ಬೂದಿ ಅವನ ತೊಡೆಯ ಮೇಲೆ. ಅವನು ಹೊಟ್ಟೆನೋವೆಂದು ರಜೆ ಬರೆದು ಸಿನಿಮಾಗೆ ಹೋದ ದಿನಗಳಲ್ಲಿ ಉಗ್ರಾಣ ಕಾದವಳು ಅವಳೇ. ಅವಳ ಹೆದರಿಕೆಗೆ ಒಮ್ಮೆ ಒಂದು ಇಲಿ ತಾನಾಗಿ ಬಂದು ರಾಜೀನಾಮೆ ಕೊಟ್ಟು ಹೋಯಿತು. ಎರಡು ಇಲಿ ಎಂದೇ ನಾನು ಕೇಳಿದ್ದು. ಉತ್ಪ್ರೇಕ್ಷೆ ನನಗಾಗದು, ಒಂದು ಕಡಿಮೆ ಮಾಡಿದ್ದೇನೆ.

ಸಂಜೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಉಗ್ರಾಣಿಯ ಹೆಂಡತಿ ಕೇಳಿದಳು, "ಏನ್ರೀ, ಮುಖ ಯಾಕೆ ಹೀಗೆ ಜೋತುಬಿದ್ದಿದೆ?"

"ಬೂದಿನ ಓಡಿಸ್ಬೇಕಂತೆ ಕಣೇ. ಸಾಲದ್ದಕ್ಕೆ ಮೀನೆಣ್ಣೆ ಬೇರೆ ಆರಿಸ್ಬೇಕಂತೆ."

"ಬೂದಿ ವಿಷಯ ನಂಗೊತ್ತಿಲ್ಲ, ಎಣ್ಣೆ ವಿಷಯ ಕೇಳಿ. ಸೀಸೆ ಮುಂದಿರೋ ಚಿತ್ರ ನೋಡ್ಬೇಡಿ, ತಿರುಗಿಸಿ ಹಿಂದೆ ಓದಿ. ಒಟ್ಟು ಎಣ್ಣೆ ಎಷ್ಟು ಅಂತಲ್ಲ, ಅದರಲ್ಲಿ ಒಮೆಗಾ ತ್ರೀ ಎಷ್ಟು ಅಂತ ನೋಡಿ. ಹೊರಗಿನ ಪ್ರಯೋಗಾಲಯದವರು ಪರೀಕ್ಷೆ ಮಾಡಿದಾರಾ, ತಾರೀಕು ಮುಗಿದಿದ್ಯಾ ನೋಡಿ. ಆಮೇಲೆ ಒಂದು ಗುಳಿಗೆ ಕತ್ತರಿಸಿ ಮೂಸಿ. ಹಳಸಲು ನಾತ ಬಂದ್ರೆ ಮುಟ್ಬೇಡಿ."

"ಇದು ತಗೊಂಡ್ರೆ ಕಡತ ಸಿಗತ್ತಾ?"

"ರಕ್ತದಲ್ಲಿ ಕೊಬ್ಬು ಜಾಸ್ತಿ ಇದ್ದೋರು ಡಾಕ್ಟ್ರನ್ನ ಕೇಳಿ ತಗೊಂಡ್ರೆ ಉಪಯೋಗ ಇದೆ. ಕಡತ ಬೇಕಂದ್ರೆ ಎದ್ದು ಹುಡುಕ್ಬೇಕು."

ಮರುದಿನ ಆಯ್ಕೆ ಸಮಿತಿ ಸೇರಿತು: ನಿರ್ದೇಶಕರು, ಲೆಕ್ಕಾಧಿಕಾರಿ ಮೇಡಂ, ಉಗ್ರಾಣಿ. ಮೇಜಿನ ಮೇಲೆ ಮುದ್ರೆ ಹಾಕಿದ ಮೂರು ಸೀಸೆ. ಮೊದಲನೆಯದು ಚಿನ್ನದ ಬಣ್ಣದ್ದು, ಅದರ ಮೇಲೆ ನೆಗೆಯುವ ಮೀನು.

"ಈ ಮೀನಿನ ಉತ್ಸಾಹ ನೋಡಿ," ಎಂದರು ನಿರ್ದೇಶಕರು.

"ಎರಡನೇದರ ಮೀನು ನಗ್ತಾ ಇದೆ ಸಾರ್. ನಗುಮುಖದ ಮೀನಿಗೆ ಕಾಯಿಲೆ ಇರಲ್ಲ," ಎಂದರು ಮೇಡಂ.

ಮೂರನೆಯದರ ಮೇಲೆ ಮೀನೇ ಇರಲಿಲ್ಲ. ಹಿಂದುಗಡೆ ಒಮೆಗಾ ತ್ರೀ ಎಷ್ಟಿದೆಯೆಂಬ ವಿವರ, ಪ್ರಯೋಗಾಲಯದ ಪ್ರಮಾಣಪತ್ರದ ಸಂಖ್ಯೆ, ತಾರೀಕು, ಅಷ್ಟೇ.

"ಮೀನಿಲ್ಲದ ಮೀನೆಣ್ಣೆ! ಹಾಡಹಗಲು ಮೋಸ!" ಎಂದರು ನಿರ್ದೇಶಕರು.

"ಸಾರ್, ಒಂದೊಂದು ಗುಳಿಗೆ ಕತ್ತರಿಸಿ ಮೂಸಿ ನೋಡೋಣ," ಎಂದ ಉಗ್ರಾಣಿ.

ನಿಯಮಾವಳಿ ತೆರೆಯಲಾಯಿತು. ನಿಯಮ ಹದಿನಾಲ್ಕು: "ಮಾದರಿಗಳ ಮುದ್ರೆಯನ್ನು, ಸ್ಪರ್ಧೆಯಲ್ಲಿರುವ ಯಾವ ಕಂಪನಿಯಿಂದಲೂ ಉಡುಗೊರೆ ಸ್ವೀಕರಿಸದವರು ಮಾತ್ರ ಒಡೆಯತಕ್ಕದ್ದು."

ಮೂಲೆಯಲ್ಲಿದ್ದ ನಿರ್ದೇಶಕರ ಕೊಡೆಯ ಮೇಲೆ ಮೀನು ನೆಗೆಯುತ್ತಿತ್ತು. ಮೇಡಂ ಕೈಚೀಲದ ಮೇಲೆ ಮೀನು ನಗುತ್ತಿತ್ತು. ಉಗ್ರಾಣಿ ತನ್ನ ಪೆನ್ನನ್ನು ಮೆಲ್ಲಗೆ ಜೇಬಿಗಿಳಿಸಿದ. ಇಡೀ ಕಟ್ಟಡ ಜಾಲಾಡಿದರೂ ಅರ್ಹರು ಸಿಗಲಿಲ್ಲ. ಕಾವಲುಗಾರನ ಟೋಪಿಯ ಮೇಲೂ ಮೀನೇ.

"ಒಬ್ಬಳಿದ್ದಾಳೆ ಸಾರ್," ಎಂದ ಉಗ್ರಾಣಿ.

ಹೀಗೆ ಬೂದಿ ತಾತ್ಕಾಲಿಕ ಪರೀಕ್ಷಕಿಯಾಗಿ ಅಧಿಕಾರ ವಹಿಸಿಕೊಂಡಳು. ಮೇಜಿನ ಮೇಲಿದ್ದುದನ್ನೆಲ್ಲ ಕೆಳಕ್ಕೆ ದೂಡುವುದು ಅವಳ ಹಳೇ ಚಾಳಿ. ಮೂರೂ ಸೀಸೆ ನೆಲಕ್ಕುರುಳಿ, ಮುದ್ರೆಗಳು ನಿಯಮಾನುಸಾರ ಒಡೆದವು. ಉಗ್ರಾಣಿ ಗುಳಿಗೆಗಳನ್ನು ಕತ್ತರಿಸಿ ಮೂರು ತಟ್ಟೆಯಲ್ಲಿಟ್ಟ.

ಚಿನ್ನದ ಸೀಸೆಯದನ್ನು ಮೂಸಿದ ಬೂದಿ ಮುಖ ಕಿವುಚಿ, ಮಣ್ಣು ಮುಚ್ಚುವವಳಂತೆ ಒಂದು ಕಾಲಲ್ಲಿ ನೆಲ ಕೆರೆದಳು. ಎರಡನೆಯದಕ್ಕೆ ಎರಡೂ ಕಾಲಲ್ಲಿ ಕೆರೆದಳು. ಮೂರನೆಯ ತಟ್ಟೆಯನ್ನು ಮಾತ್ರ, ನಿರ್ದೇಶಕರ ಮುಖ ಅದರಲ್ಲಿ ಕಾಣುವಷ್ಟು ನೆಕ್ಕಿದಳು.

ಮೇಡಂ ಸಭೆಯ ನಡಾವಳಿ ಬರೆದರು: "ಮೊದಲೆರಡು ಮಾದರಿಗಳನ್ನು ಗೌರವಪೂರ್ವಕವಾಗಿ ಮಣ್ಣು ಮಾಡಲು ಪರೀಕ್ಷಕರು ಶಿಫಾರಸು ಮಾಡಿರುತ್ತಾರೆ."

ಸುದ್ದಿ ತಿಳಿದು ಚಿನ್ನದ ಸೀಸೆಯ ಕಂಪನಿಯವನು ಓಡೋಡಿ ಬಂದ. ಕೈಯಲ್ಲಿ ಒಂದು ಬಟ್ಟಲು ಹಾಲು. "ಪರೀಕ್ಷಕಿ ಮೇಡಂಗೆ ನಮ್ಮ ಕಡೆಯಿಂದ ಸಣ್ಣ ಕಾಣಿಕೆ," ಎಂದು ಬಾಗಿ ಇಟ್ಟ.

ನಿರ್ದೇಶಕರು ಕೊಡೆಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. "ಕುಡಿದರೆ ಅದು ಉಡುಗೊರೆ. ಉಡುಗೊರೆ ಪಡೆದರೆ ಹುದ್ದೆ ಇಲ್ಲ. ಹುದ್ದೆ ಇಲ್ಲದಿದ್ದರೆ, ಸೋಮವಾರದ ಆದೇಶ ಹಾಗೇ ಇದೆ."

ಕೆರಿ ತಾಯಿ, ಒಂದೇ ಒಂದು ಸಲ ನೆಲ ಕೆರಿ, ಎಂದು ಉಗ್ರಾಣಿ ಮನಸ್ಸಿನಲ್ಲೇ ಅಂಗಲಾಚಿದ. ಬೂದಿ ಬಟ್ಟಲು ಮೂಸಿದಳು, ಉಗ್ರಾಣಿಯ ಮುಖ ನೋಡಿದಳು, ಗಟಗಟನೆ ಅಷ್ಟನ್ನೂ ಕುಡಿದು ಮೀಸೆ ಒರೆಸಿಕೊಂಡಳು.

"ಕುಡಿದ್ಬಿಟ್ಳು! ಎಲ್ರೂ ನೋಡಿದೀರಿ!" ಎಂದು ಕಂಪನಿಯವನು ಕುಣಿದ.

"ಕುಡಿದ್ಳು, ಸರಿ," ಎಂದ ಉಗ್ರಾಣಿ, ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ. "ಸ್ವೀಕೃತಿ ಚೀಟಿಗೆ ಸಹಿ ಹಾಕಿದ್ಳಾ?"

ನಿರ್ದೇಶಕರು ಕನ್ನಡಕ ಏರಿಸಿದರು. ನಿಯಮ ಹದಿನೈದರ ಪ್ರಕಾರ, ಸಹಿಯಾಗದ ಯಾವ ವಸ್ತುವೂ ಈ ಕಟ್ಟಡಕ್ಕೆ ಬಂದಂತಲ್ಲ. ಅವರು ಕುಳಿತಿದ್ದ ಕುರ್ಚಿಯೇ ಹನ್ನೊಂದು ವರ್ಷದಿಂದ ಇನ್ನೂ ಬಂದಿರಲಿಲ್ಲ. ಕೊಡೆಗಾದರೋ ಅವರು ಸ್ವಹಸ್ತದಿಂದ ಸಹಿ ಹಾಕಿದ್ದರು.

"ಹಾಗಾದರೆ ಹಾಲು ಬಂದೇ ಇಲ್ಲ," ಎಂದು ತೀರ್ಪಿತ್ತರು.

"ಮತ್ತೆ ಈ ಬಟ್ಟಲಲ್ಲಿ ಇದ್ದದ್ದೇನು ಸಾರ್?" ಎಂದ ಕಂಪನಿಯವನು.

"ವಿಚಾರಣೆಯಲ್ಲಿದೆ. ಹೊರಡಿ."

ಮೀನಿಲ್ಲದ ಮೀನೆಣ್ಣೆಯನ್ನೇ ಕೊಳ್ಳಲಾಯಿತು. ಅದನ್ನು ನುಂಗಲು ಎಲ್ಲರೂ ಮರೆತರು. ಬೂದಿಯ ಹುದ್ದೆ ಖಾಯಂ ಆಯಿತು, ಹಗಲು ನಿದ್ದೆಗೆ ಅನುಮತಿಯೂ ಸಿಕ್ಕಿತು. ಹುದ್ದೆಗೆ ತಕ್ಕ ಮೆತ್ತೆಯ ಕುರ್ಚಿ ಉಗ್ರಾಣದಲ್ಲಿ ಒಂದೇ ಇದ್ದುದರಿಂದ ಉಗ್ರಾಣಿ ನಿಂತು ಕೆಲಸ ಮಾಡತೊಡಗಿದ. ಇಲಾಖೆಯ ಸಮಸ್ತ ಕಾಗದಪತ್ರಗಳೂ ಅವಳ ಮುಂದೆ ಬರತೊಡಗಿದವು. ಕೆರೆದರೆ ತಿರಸ್ಕೃತ, ಮೇಲೆ ಕೂತರೆ ಅಂಗೀಕೃತ. ಹಿಂದೆಂದೂ ಕೆಲಸ ಇಷ್ಟು ಚುರುಕಾಗಿ ನಡೆದಿರಲಿಲ್ಲ.

ಮುಂದಿನ ಶುಕ್ರವಾರ ಉಗ್ರಾಣಿ, ತೀವ್ರ ಹೊಟ್ಟೆನೋವೆಂದು ಅರ್ಧ ದಿನದ ರಜೆ ಬರೆದು ತನ್ನ ಕುರ್ಚಿಯ ಮುಂದೆ ಕೈಕಟ್ಟಿ ನಿಂತ. ಬೂದಿ ಅರ್ಜಿ ಮೂಸಿದಳು. ನೆಲ ಕೆರೆದಳು.

ಅವನು ಹೆಂಡತಿಗೆ ಫೋನು ಮಾಡಿ ಗೋಳು ತೋಡಿಕೊಂಡ.

"ಒಂದು ಕಾಲಲ್ಲಾ, ಎರಡು ಕಾಲಲ್ಲಾ?" ಎಂದಳು ಅವಳು.

"ಎರಡೂ ಕಣೇ."

"ಮತ್ತೆ? ಆರು ವರ್ಷದಿಂದ ಅದೇ ಹೊಟ್ಟೆನೋವು. ಹಳಸಿದ್ದು ಅವಳಿಗೆ ಗೊತ್ತಾಗಲ್ವಾ? ಸುಮ್ನೆ ಕೆಲಸ ನೋಡ್ರೀ."

ಉಗ್ರಾಣಿ ನಿಟ್ಟುಸಿರಿಟ್ಟು ಜೇಬಿನಿಂದ ಸಿನಿಮಾ ಟಿಕೆಟ್ ತೆಗೆದು, ಇದ್ದದ್ದನ್ನು ಇದ್ದಹಾಗೆ ಬೂದಿಯ ಮುಂದಿಟ್ಟ. ಬೂದಿ ಮೂಸಿದಳು. ಎದ್ದು ಒಂದು ಸುತ್ತು ಸುತ್ತಿ ಅದರ ಮೇಲೆ ಕೂತು ಕಣ್ಣು ಮುಚ್ಚಿದಳು.

ಅಂಗೀಕೃತವಾದ ಟಿಕೆಟ್ಟಿಗೆ ಕಡತ ಸಂಖ್ಯೆ ಕೊಟ್ಟು ಭದ್ರವಾಗಿ ಒಳಗಿಡಲಾಯಿತು. ಎಲ್ಲಿ ಎಂಬುದು ಯಾರಿಗೂ ನೆನಪಿಲ್ಲ.