ಕಲ್ಲಿನ ಕಡಲು, ಸತ್ತ ಬೆಟ್ಟ

ಹೆಸರು ಇರುವುದು ಗುರುತು ಸಿಗಲಿಕ್ಕೆ ಅಂತ ನಾನು ತಿಳಿದಿದ್ದೆ. ಸೌದಿಯ ಅಲ್ ಅಹ್ಸಾದ ಒಂದು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಮೇಲೆ, ತಿಂಗಳಿಗೊಂದು ಹೆಸರಾದರೂ ನನ್ನ ತಲೆ ಕೆಡಿಸದೆ ಬಿಟ್ಟದ್ದಿಲ್ಲ. ನಮ್ಮ ಇಂಜಿನಿಯರು ಆಸ್ಟ್ರಿಯಾದವರು. ಅವರ ಕಡೆಯ ಆಲ್ಪ್ಸ್ ಪರ್ವತದಲ್ಲಿ ಸುಣ್ಣಕಲ್ಲಿನದೇ ಒಂದು ದೊಡ್ಡ ಸಾಲು ಇದೆ. ಇಲ್ಲಿಯ ಗುಡ್ಡಗಳೂ ಸುಣ್ಣಕಲ್ಲೇ. ಹಾಗಾಗಿ ಎಲ್ಲಿ ಹೋದರೂ ಅವರಿಗೆ ಊರಿನ ನೆನಪು, ನನಗೆ ಗೊಂದಲ.

೧. ಕಡಲು

ನಮ್ಮ ಡ್ರೈವರ್ ಕಾಕ ಉಳ್ಳಾಲದವರು, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವರು. ಒಂದು ದಿನ ಇಂಜಿನಿಯರು ಮೊಬೈಲಿನಲ್ಲಿ ಬೋಳು ಬಂಡೆಗಳ ಫೋಟೋ ತೋರಿಸಿ, "ಇದರ ಹೆಸರು ಕಲ್ಲಿನ ಕಡಲು" ಅಂದರು.

ಕಾಕ ಫೋಟೋ ದೊಡ್ಡದು ಮಾಡಿ ಹುಡುಕಿದರು. "ನೀರೆಲ್ಲಿ?"

"ನೀರಿಲ್ಲ, ಇದು ಬೆಟ್ಟದ ಮೇಲೆ. ಬಹಳ ಹಿಂದೆ ಸಮುದ್ರದ ತಳವಾಗಿತ್ತು. ಈಗಲೂ ಆ ಬೆಟ್ಟಗಳ ಕಲ್ಲಿನೊಳಗೆ ಚಿಪ್ಪು ಸಿಗುತ್ತದೆ, ಒಮ್ಮೊಮ್ಮೆ ಮೀನು ಕೂಡ."

ನಾನು ಕನ್ನಡದಲ್ಲಿ ಹೇಳಿದೆ. ಕಾಕ ಮೊಬೈಲು ವಾಪಸು ಕೊಟ್ಟರು. "ಅಂದರೆ ಅಲ್ಲಿ ಒಣಮೀನು ಮಾತ್ರ. ಪಾಪ ಮಾರಾಯ್ರೆ!"

೨. ಮೂಡಣ, ಪಡುವಣ

ನಕ್ಷೆಗೆ ಒಂದು ಗುಡ್ಡದ ಹೆಸರು ಬೇಕಿತ್ತು. ಖರ್ಜೂರದ ತೋಟದ ಅಜ್ಜ ಒಬ್ಬರು "ಮೂಡಣ ಗುಡ್ಡ" ಅಂದರು. ಬರೆದುಕೊಂಡೆ. ಸುತ್ತು ಹಾಕಿ ಆಚೆಯ ಹಳ್ಳಿಗೆ ಹೋದರೆ ಅವರು "ಪಡುವಣ ಗುಡ್ಡ" ಅಂದರು. ಹೊಡೆದುಹಾಕಿ ಬರೆದೆ. ಆದರೂ ಸಂಶಯ. ವಾಪಸು ಬಂದು ಕೇಳಿದ್ದಕ್ಕೆ ಅಜ್ಜ ರೇಗಿದರು. "ನಾನು ಹುಟ್ಟಿದಾಗಿನಿಂದ ಸೂರ್ಯ ಬರುವುದು ಅದರ ಹಿಂದಿನಿಂದ. ನೀನು ನಿನ್ನೆ ಬಂದವನು!"

"ನಮ್ಮಲ್ಲೂ ಹೀಗೇ. ಒಂದು ಶಿಖರಕ್ಕೆ ಎರಡು ಕಣಿವೆಯವರು ಎರಡು ಹೆಸರು ಇಡುತ್ತಾರೆ" ಅಂತ ಇಂಜಿನಿಯರು ನಕ್ಕರು. ನಕ್ಷೆಯಲ್ಲಿ ಇದ್ದದ್ದು ಒಂದೇ ಹೆಸರಿನ ಜಾಗ. ನಾನು ಪೆನ್ನು ಕಚ್ಚುತ್ತಾ ಕುಳಿತೆ.

ಕಾಕ ಅಂದರು, "ನನಗೆ ಶಾಲೆಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು, ಇಲ್ಲಿಯ ವಾಸದ ಪರವಾನಗಿ ಇಕಾಮಾದಲ್ಲಿ ಇನ್ನೊಂದು. ಆದರೂ ನಾನು ಮೂರು ದೇಶ ತಿರುಗಿದೆ. ಗುಡ್ಡ ನಿಂತಲ್ಲೇ ನಿಂತಿದೆ, ಅದಕ್ಕೆ ಎಂತ ತೊಂದರೆ?"

೩. ಸುಣ್ಣ

ಇಂಜಿನಿಯರ ಊರಿನ ಬೆಟ್ಟದ ಸಂಗತಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಇಡೀ ಬೆಟ್ಟ ಸುಣ್ಣವಾ? ಅವರ ಊರಲ್ಲಿ ವೀಳ್ಯದೆಲೆ ಬೆಳೆಯುತ್ತದಾ?"

"ಇಲ್ಲಮ್ಮ."

"ಅಡಿಕೆ?"

"ಅದೂ ಇಲ್ಲ."

"ಮತ್ತೆ ಅಷ್ಟು ಸುಣ್ಣ ಇಟ್ಟುಕೊಂಡು ಅವರು ಎಂತ ಮಾಡುವುದು?"

೪. ರಜೆ

ಇಂಜಿನಿಯರು ರಜೆ ಕೇಳಿ ಎರಡು ವಾರವಾಗಿತ್ತು. ಉತ್ತರ ಬಂದಿರಲಿಲ್ಲ. ಅರ್ಜಿಯಲ್ಲಿ ಕಾರಣ ಬರೆದಿಲ್ಲ ಅಂತ ತಿಳಿದು ನಾನೇ ಕೇಳಿದೆ. "ಅಣ್ಣನ ಜೊತೆ ಸತ್ತ ಬೆಟ್ಟಗಳಿಗೆ ಹೋಗುವುದು" ಅಂದರು. ಹುಲ್ಲು ನೀರು ಇಲ್ಲದ್ದಕ್ಕೆ ಆ ಸಾಲಿಗೆ ಅದೇ ಹೆಸರು. ಕಾರಣದ ಜಾಗ ಎರಡು ಬೆರಳಿನಷ್ಟು. ನಾನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಟೈಪ್ ಮಾಡಿದೆ: ಬ್ರದರ್, ಡೆಡ್, ಮೌಂಟನ್ಸ್.

ಹತ್ತು ನಿಮಿಷದಲ್ಲಿ ರಜೆ ಮಂಜೂರು. ನನಗೇ ಆಶ್ಚರ್ಯ.

ಮಧ್ಯಾಹ್ನ ರಜೆ ವಿಭಾಗದ ಹಿರಿಯರು, ಇದೇ ಊರಿನ ಸೌದಿಯವರು, ಕಾಫಿ ಖರ್ಜೂರದ ಜೊತೆ ಇಡೀ ಆಫೀಸನ್ನು ಕರೆದುಕೊಂಡು ಬಂದರು. ಇಂಜಿನಿಯರ ಕೈ ಹಿಡಿದು ಮೆಲ್ಲಗೆ ಕೇಳಿದರು, "ಅಣ್ಣನಿಗೆ ವಯಸ್ಸೆಷ್ಟು?"

ರಜೆಗೆ ಹೋಗುವವರನ್ನು ಇಲ್ಲಿ ಹೀಗೆ ಕಳಿಸುತ್ತಾರೆ ಅಂತ ಇಂಜಿನಿಯರು ತಿಳಿದುಕೊಂಡರು. "ಅರವತ್ತೆರಡು" ಅಂದರು ಖುಷಿಯಿಂದ.

"ಕಾಯಿಲೆ ಇತ್ತಾ?"

"ಛೆ, ಗಟ್ಟಿ ಆಳು! ಈಗಾಗಲೇ ಮೇಲೆ ಹೋಗಿದ್ದಾನೆ, ನನಗಾಗಿ ಕಾಯುತ್ತಿದ್ದಾನೆ."

ಹಿರಿಯರ ಕಣ್ಣಲ್ಲಿ ನೀರು. ನಾನು ಟೈಪ್ ಮಾಡಿದ್ದನ್ನು ಅವರು ಹೇಗೆ ಓದಿದ್ದಾರೆ ಅಂತ ನನಗೆ ಆಗ ಅರ್ಥವಾಯಿತು. ಬಾಯಿ ಬಿಟ್ಟರೆ ಇಂಜಿನಿಯರ ರಜೆ ಹೋಗುತ್ತದೆ, ನನ್ನ ಕೆಲಸವೂ ಹೋದೀತು. ಖರ್ಜೂರ ತುಂಬಿಕೊಂಡು ಬಾಯಿ ಮುಚ್ಚಿದೆ.

ಚಳಿಗಾಲದಲ್ಲಿ ಆ ಅಣ್ಣ ಅಲ್ ಅಹ್ಸಾ ನೋಡಲು ಬಂದರು. ಇಂಜಿನಿಯರು ಅವರನ್ನು ನೇರ ರಜೆ ವಿಭಾಗಕ್ಕೇ ಕರೆದುಕೊಂಡು ಹೋದರು. "ಇವನೇ ನನ್ನ ಅಣ್ಣ. ಅವತ್ತು ನೀವು ಇವನನ್ನೇ ವಿಚಾರಿಸಿದ್ದು."

ನಾನು ಬಾಗಿಲ ಹಿಂದೆ ನಿಂತೆ. ಹಿರಿಯರು ಬಂದವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಎದ್ದು ಕೈ ಕುಲುಕಿ, ಅದು ಬಿಸಿ ಇದೆಯಾ ಅಂತ ಖಚಿತ ಮಾಡಿಕೊಂಡರು. ಮೂವತ್ತು ವರ್ಷದ ಅಭ್ಯಾಸ, ಬೇರೆ ಮಾತು ಹೊಳೆಯಲಿಲ್ಲವೋ ಏನೋ, ಕುರ್ಚಿ ತೋರಿಸಿ ಗಂಭೀರವಾಗಿ ಕೇಳಿದರು:

"ನಿಮಗೆ ಅಲ್ಲಿಂದ ಎಷ್ಟು ದಿನ ರಜೆ ಕೊಟ್ಟಿದ್ದಾರೆ?"