ನಡುಗಡ್ಡೆಯಿಂದ ನಡುಗಡ್ಡೆಗೆ

ನಮ್ಮ ಕಾಕಾ ವಿಮಾನಶಾಸ್ತ್ರದ ಮಹಾಪಂಡಿತರು. ಒಮ್ಮೆಯೂ ವಿಮಾನ ಹತ್ತಿಲ್ಲ ಎಂಬ ಸಣ್ಣ ಕೊರತೆಯೊಂದು ಬಿಟ್ಟರೆ ಅವರ ಪಾಂಡಿತ್ಯಕ್ಕೆ ಕುಂದಿಲ್ಲ. ಅಂಡಮಾನಿನ ಪೋರ್ಟ್ ಬ್ಲೇರಿನಿಂದ ಲಕ್ಷದ್ವೀಪದ ಅಗತ್ತಿಗೆ ಎಷ್ಟು ದೂರ? "ಎರಡು ಸಾವಿರದ ಇನ್ನೂರು ಕಿಲೋಮೀಟರ್ ಮ್ಯಾಲ. ಮೂರು ತಾಸು," ಎನ್ನುತ್ತಾರೆ, ಈಗಷ್ಟೇ ಇಳಿದು ಬಂದವರ ಹಾಗೆ. ಅಲ್ಲಿಗೆ ನೇರ ವಿಮಾನವೇ ಇಲ್ಲವಲ್ಲ ಎಂದು ಮೊಬೈಲು ತೋರಿಸಿದೆ.

"ಅದು ವಿಮಾನದ ತಪ್ಪು. ದೂರ ಏನ್ ಮಾಡೀತು?"

ಮಸ್ಕಿ ಬಸ್ ನಿಲ್ದಾಣವೇ ಅವರ ವಿದ್ಯಾಪೀಠ. ಒಮ್ಮೆ ಕೆನ್ನೆ ಊದಿದ ಒಬ್ಬ ಗೃಹಸ್ಥರು ಕೇಳಿದರು: "ಲಿಂಗಸುಗೂರು ಬಸ್ ಎಷ್ಟೊತ್ತಿಗೆ ಬರತೈತ್ರೀ?"

"ಬಸ್ಸಿಂದು ಗೊತ್ತಿಲ್ಲ. ವಿಮಾನದಾಗ ಐದು ನಿಮಿಷ."

"ಲಿಂಗಸುಗೂರಾಗ ವಿಮಾನ ಎಲ್ಲಿ ನಿಂದ್ರತೈತ್ರೀ?"

"ನಿಂದ್ರಂಗಿಲ್ಲ. ಅದಕ್ಕ ಐದು ನಿಮಿಷ."

ಪಾಪ, ಆ ಪುಣ್ಯಾತ್ಮರು ಹಲ್ಲುನೋವು ಮರೆತು ನಕ್ಕರು. ಮರುಕ್ಷಣವೇ ಕೆನ್ನೆ ಹಿಡಿದುಕೊಂಡರು.

ಕಾಕಿಯ ದೂರೂ ಇಲ್ಲದಿಲ್ಲ. "ಉಪ್ಪು ತರಾಕ ಕಳಿಸಿದ್ರ ಅಂಡಮಾನಕ್ಕ ಹೋಗ್ಯಾರ ನೋಡು." ಉಪ್ಪು ಬರುವ ಹೊತ್ತಿಗೆ ಸಾರು ಆರಿರುತ್ತದೆ.

ಸಿಂಧನೂರಿನಿಂದ ಮಸ್ಕಿಗೆ ಹೋದಾಗಲೆಲ್ಲ ನನಗೂ ಪಾಠ ತಪ್ಪಿದ್ದಲ್ಲ. ಒಮ್ಮೆ ಪಂಡಿತರನ್ನು ಪರೀಕ್ಷಿಸೋಣವೆಂದು ದಿಲ್ಲಿ, ಮುಂಬಯಿ ಎಂದೆ. ಕಾಕಾ ಮುಖ ಗಂಟಿಕ್ಕಿದರು. "ಅಲ್ಲಿ ರಸ್ತೆ ಐತಲ್ಲಲೇ! ನಡಕೊಂಡಾದ್ರೂ ಹೋಗಬೋದು. ಕೇಳಿದ್ರ ನಡುಗಡ್ಡಿ ಕೇಳು."

ನಡುಗಡ್ಡೆಯೇ ಏಕೆ? ಈ ಸಲದ ನಾಗರ ಪಂಚಮಿಗೆ ತಿಳಿಯಿತು.

ಕಾಕಾನ ಅಕ್ಕ, ಅಂದರೆ ನನ್ನ ಸೋದರತ್ತೆ, ಲಿಂಗಸುಗೂರಿನಾಚೆ ಕೃಷ್ಣೆಯ ನಡುಗಡ್ಡೆಯೊಂದರ ಸೊಸೆ. ಪಂಚಮಿಗೆ ತವರಿಗೆ ಬರಬೇಕು. ಆದರೆ ಕೃಷ್ಣೆಗೂ ತುಂಬಿ ಬರಲು ಶ್ರಾವಣವೇ ಬೇಕು. ಹಬ್ಬಕ್ಕೆ ಮುನ್ನ ಅಣೆಕಟ್ಟಿನಿಂದ ನೀರು ಬಿಟ್ಟರು, ತೆಪ್ಪ ನಿಂತಿತು. ಅಷ್ಟರಲ್ಲಿ ಕಾಕಾ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಬಿಟ್ಟಿದ್ದರು.

ಫೋನಿನಲ್ಲಿ ಕೂಗಿದರು: "ಅಕ್ಕಾ, ನಿಮ್ಮ ಮಾಳಿಗಿಂದ ನಮ್ಮ ಮಾಳಿಗಿಗೆ ಎಂಟು ನಿಮಿಷ!"

"ನಿನ್ನ ವಿಮಾನ ಇರ್ಲೋ ತಮ್ಮಾ. ನನ್ನ ಪಾಲಿನ ಶೇಂಗಾ ಉಂಡಿ ಎತ್ತಿಡು."

"ಅತ್ತೀದು ನಡುಗಡ್ಡಿ, ಸರಿ," ಎಂದೆ ನಾನು. "ಮಸ್ಕಿ ಯಾವಾಗ ನಡುಗಡ್ಡಿ ಆತು ಕಾಕಾ?"

"ಆಕಿ ಬರಲಾರದ ಪಂಚಮಿಗೆ ನಮ್ಮ ಮನೀನೂ ನಡುಗಡ್ಡಿನೇ," ಎಂದು ಫೋನು ಕಿಸೆಗಿಟ್ಟರು.

ಹಬ್ಬ ಮುಗಿಯಿತು, ಓಣಿಯ ಜೋಕಾಲಿಗಳನ್ನೆಲ್ಲ ಬಿಚ್ಚಿದರು. ನಮ್ಮದು ಉಳಿಯಿತು. "ಹಗ್ಗ ಬಿಚ್ಚರಿ, ಬಟ್ಟಿ ಒಣಹಾಕತೀನಿ," ಎಂದ ಕಾಕಿಗೆ, "ವಿಮಾನ ನಿಲ್ದಾಣದಾಗ ಬಟ್ಟಿ ಒಣಹಾಕಬಾರದು," ಎಂಬ ಉತ್ತರ ಸಿಕ್ಕಿತು. ಉಂಡಿಗಳು ಡಬ್ಬಿಯಲ್ಲೇ ಗಟ್ಟಿಯಾದವು.

ನೀರಿಳಿದ ಮೇಲೆ ಅತ್ತೆ ಬಂದಳು. ತೆಪ್ಪ, ಟಂಟಂ ಆಟೋ, ಬಸ್ಸು, ಒಟ್ಟು ಅರ್ಧ ದಿನ. ಎಷ್ಟು ಹೊತ್ತಾಯಿತೆಂದು ಕಾಕಾ ಕೇಳಲೇ ಇಲ್ಲ. ಕಾಲು ತೊಳೆಯಲೂ ಬಿಡದೆ ಜೋಕಾಲಿಯ ಮೇಲೆ ಕೂರಿಸಿದರು.

"ಮೆಲ್ಲಕ ತೂಗೋ, ಹಲ್ಲಿಲ್ಲದ ಮುದುಕಿ ನಾನು. ಉಂಡಿ ಎಲ್ಲೈತಿ?"

"ಹಾಲಾಗ ನೆನಿಯಾಕಿಟ್ಟೀನಿ."

ಜೋಕಾಲಿ ಬೇವಿನ ಎಲೆ ಮುಟ್ಟಿ ಬಂತು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. "ಸಾಕೋ, ಇಳಿಸು. ಎಷ್ಟೊತ್ತು ಹಾರಸ್ತಿ?"

ಎಲ್ಲ ಲೆಕ್ಕ ಗೊತ್ತಿದ್ದ ಕಾಕಾ ಆಕೆಯ ಬೆನ್ನ ಹಿಂದೆ ನಿಂತು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಇಳೀಬ್ಯಾಡ ಅಕ್ಕಾ. ಇನ್ನಷ್ಟು ಕೂಡು."