ಧಣಿಗಳ ಸ್ವಂತ ಬೇಸಾಯ

ಎಪ್ಪತ್ತರ ದಶಕದಲ್ಲಿ ನಾನು ಉಡುಪಿಯಲ್ಲಿ ಭೂನ್ಯಾಯ ಮಂಡಳಿಯ ಗುಮಾಸ್ತನಾಗಿದ್ದೆ. ಗೇಣಿಗೆ ಉಳುವವರಿಗೇ ಭೂಮಿ ಎಂದು ಸರಕಾರ ಕಾನೂನು ಮಾಡಿತ್ತು. ವಿಧಾನಸೌಧದಲ್ಲಿ ಅದು ಗಂಭೀರ ವಿಷಯವೇ ಇದ್ದಿರಬಹುದು, ನಮ್ಮ ಕಚೇರಿಗೆ ತಲುಪುವಷ್ಟರಲ್ಲಿ ಹೇಗೋ ನಗೆಪಾಟಲಾಗುತ್ತಿತ್ತು. ವಾರಕ್ಕೊಂದಾದರೂ ಅಂಥದ್ದು ನಡೆಯುತ್ತಿತ್ತು. ಒಂದೇ ಕೇಸಿನಲ್ಲಿ ಮೂರು ಸಲ ನಡೆದದ್ದನ್ನು ಮಾತ್ರ ಹೇಳುತ್ತೇನೆ.

೧. ಹೆಸರಿಲ್ಲದ ಧಣಿ

ಹತ್ತಿರದ ಮಟ್ಟು ಹಳ್ಳಿಯ ಒಬ್ಬ ವಿಧವೆ ಅರ್ಜಿ ತಂದಳು. ಅವಳಿಗಿದ್ದದ್ದು ಗೇಣಿಯ ಒಂದೇ ಗದ್ದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಗುಳ್ಳ ಬದನೆ. ಅದು ಕೈತಪ್ಪಿದರೆ ಅನ್ನಕ್ಕೆ ಬೇರೆ ದಾರಿಯಿಲ್ಲ. ಅರ್ಜಿಯ ಅಕ್ಷರ ಮುತ್ತಿನಂತಿತ್ತು. ಆದರೆ 'ಭೂಮಾಲಿಕರ ಹೆಸರು' ಎಂಬಲ್ಲಿ 'ನಮ್ಮ ಮನೆಯವರು' ಎಂದಿತ್ತು.

"ಗದ್ದೆ ನಿನ್ನ ಗಂಡನದ್ದಾ? ಮತ್ತೆ ಅರ್ಜಿ ಎಂತಕ್ಕೆ?"

"ಅಯ್ಯೋ, ಅಲ್ಲ. ನನಗೆ ಬರೆಯಲಿಕ್ಕೆ ಬರುವುದಿಲ್ಲ, ಧಣಿಗಳ ಹೆಂಡತಿ ಬರೆದುಕೊಟ್ಟದ್ದು. ಅವರು ಗಂಡನ ಹೆಸರು ಬರೀತಾರಾ?"

"ಸರಿ, ನೀನಾದರೂ ಹೇಳು."

"ಧಣಿಗಳ ಹೆಸರು ನಾನು ಹೇಳುವುದಾ?" ಎಂದು ನಾಲಿಗೆ ಕಚ್ಚಿಕೊಂಡಳು.

ಕೊನೆಗೆ 'ಮಟ್ಟುವಿನ ಧಣಿಗಳಿಗೆ' ಎಂದು ವಿಳಾಸ ಬರೆದು, ಅವರ ಹೆಸರೇನೆಂದು ಅವರನ್ನೇ ಕೇಳಿ ಒಂದು ಕಾರ್ಡು ಹಾಕಿದೆ. ಉತ್ತರ ಮೂರನೇ ದಿನವೇ ಬಂತು.

೨. ಕೃಷಿ ಪರೀಕ್ಷೆ

ವಿಚಾರಣೆಯ ದಿನ ಧಣಿಗಳು ಇಸ್ತ್ರಿ ಮಾಡಿದ ಪಂಚೆಯಲ್ಲಿ ಬಂದರು. "ಅದು ನನ್ನ ಸ್ವಂತ ಬೇಸಾಯ. ಇವಳು ಕೂಲಿಗೆ ಬರುವವಳು," ಎಂದರು. ಮಂಡಳಿಯಲ್ಲಿ ಒಬ್ಬ ರಾಜಕಾರಣಿ ಸದಸ್ಯರಿದ್ದರು. ಅವರು ಧಣಿಗಳ ಮಾತಿಗೂ ತಲೆಯಾಡಿಸಿದರು, ಇವಳ ಮಾತಿಗೂ ತಲೆಯಾಡಿಸಿದರು. ಓಟು ಇಬ್ಬರಿಗೂ ಇತ್ತು.

ಅಧ್ಯಕ್ಷರು ಧಣಿಗಳನ್ನು ಕೇಳಿದರು: "ಗುಳ್ಳದ ಸಸಿ ನೆಡುವುದು ಯಾವಾಗ?"

ಧಣಿಗಳು ಫ್ಯಾನು ನೋಡಿದರು. ಹಿಂದೆ ನಿಂತಿದ್ದ ಆ ವಿಧವೆಯೇ ಮೆಲ್ಲಗೆ, "ಸೋಣ ತಿಂಗಳು ಕಳೆದು ಭತ್ತ ಕೊಯ್ದ ಮೇಲೆ, ಧಣೀ," ಎಂದಳು.

"ಸೋಣ ಕಳೆದ ಮೇಲೆ!" ಧಣಿಗಳು ಗಟ್ಟಿಯಾಗಿ ಹೇಳಿದರು.

ನನಗೆ ನಿಜವಾಗಿ ಸಿಟ್ಟು ಬಂತು. ಹೊರಗೆ ಸಿಕ್ಕಾಗ, "ನಿನ್ನ ಗದ್ದೆ ನೀನೇ ಕಳೆಯುತ್ತೀಯಲ್ಲ ಮಾರಾಯ್ತಿ!" ಎಂದೆ.

"ಅಷ್ಟು ಜನರ ಎದುರು ಅವರು ಫೇಲಾದರೆ ನಮಗೇ ನಾಚಿಕೆ ಅಲ್ವಾ?" ಎಂದಳು.

೩. ಸ್ಥಳ ತನಿಖೆ

ಬದನೆ ಕಾಯಿ ಬಿಡುವ ಕಾಲಕ್ಕೆ ಅಧ್ಯಕ್ಷರು ಮಟ್ಟುವಿಗೇ ಹೊರಟರು. ಜೀಪು ನಿಂತಲ್ಲಿ ಧಣಿಗಳೂ ಆ ಹೆಂಗಸೂ ಕಾಯುತ್ತಿದ್ದರು. "ನಿಮ್ಮ ಗದ್ದೆ ತೋರಿಸಿ," ಎಂದರು ಧಣಿಗಳಿಗೆ.

ಧಣಿಗಳು ಕೊಡೆ ಬಿಡಿಸಿಕೊಂಡು ಬದುವಿನ ಮೇಲೆ ಮುಂದೆ ನಡೆದರು. ಒಂದು ಕಡೆ ತಿರುಗಿದರು, ವಾಪಸು ಬಂದರು, ಮತ್ತೊಂದು ಕಡೆ ತಿರುಗಿದರು. ಕೊನೆಗೆ ಒಂದು ಗದ್ದೆಯ ಎದುರು ನಿಂತು, "ಇದೇ. ಈ ಸಲ ನಮ್ಮ ಬೆಳೆ ಚೆನ್ನಾಗಿ ಉಂಟು," ಎಂದರು. ಗಿಡಗಳೆಲ್ಲ ಬಾಡಿದ್ದವು, ಕಾಯಿಗಳಿಗೆ ಹುಳ ಹೊಡೆದಿತ್ತು. ಅದು ಪಕ್ಕದ ಒಕ್ಕಲಿನವನ ಗದ್ದೆ. ನೀರಿನ ವಿಷಯದಲ್ಲಿ ಅವನಿಗೂ ಇವಳಿಗೂ ವರ್ಷಗಳಿಂದ ಜಗಳವಿತ್ತು.

ಅಧ್ಯಕ್ಷರು ಹೆಂಗಸಿನ ಕಡೆ ನೋಡಿದರು. "ಏನಮ್ಮಾ, ಇದೇ ಹೌದಾ?"

ಅವಳು ಧಣಿಗಳ ಮುಖ ನೋಡಿ ತಲೆ ತಗ್ಗಿಸಿದಳು. ಧಣಿಗಳ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ಕೇಸು ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಧಣಿಗಳು ಬಗ್ಗಿ ಒಂದು ಹುಳುಕು ಬದನೆ ಕೊಯ್ದು, "ಇವಳ ಕೈಗುಣ ನೋಡಿ ಸಾರ್," ಎಂದು ಹೆಮ್ಮೆಯಿಂದ ಅಧ್ಯಕ್ಷರ ಕೈಗಿತ್ತರು.

"ಥೂ! ಅದು ನನ್ನದಾ?" ಹೆಂಗಸು ಒಮ್ಮೆಲೇ ಕಿರುಚಿದಳು. "ಕಣ್ಣು ಕಾಣುವುದಿಲ್ಲವಾ ಧಣೀ? ಹುಳ ಬಿಡಲಿಕ್ಕೆ ನಾನು ಸತ್ತಿದ್ದೇನಾ? ನನ್ನ ಗದ್ದೆ ಅಗೋ, ಆಚೆಯದ್ದು! ಬನ್ನಿ ಸಾರ್, ತೋರಿಸ್ತೇನೆ!"

ಅಧ್ಯಕ್ಷರು ಕದಲಲಿಲ್ಲ. ಹುಳುಕು ಬದನೆಯನ್ನು ನನ್ನ ಕೈಗೆ ಕೊಟ್ಟು, "ಬರ್ಕೊಳ್ಳಿ," ಎಂದರು. "ಗದ್ದೆ ಆಯಮ್ಮನಿಗೆ. ಧಣಿಗಳನ್ನು ರಸ್ತೆ ತನಕ ಬಿಟ್ಟು ಬನ್ನಿ, ಇಲ್ಲದಿದ್ದರೆ ಸಂಜೆಯವರೆಗೂ ಸ್ವಂತ ಬೇಸಾಯ ಹುಡುಕುತ್ತಾ ಇರ್ತಾರೆ."